ಪ್ರತಿಜ್ಞೆ ಬ್ಲಾಕು

ಮೃತ್ಯುಂಜಯ ತಾಳೆ ಎಣ್ಣೆಯನ್ನು ತ್ಯಜಿಸಿದ ಗಳಿಗೆಯಲ್ಲಿ ಅವನ ಬಾಯಲ್ಲಿ ಅರ್ಧ ಪಫ್ ಇತ್ತು. ನುಂಗುವ ಹಾಗಿಲ್ಲ, ಅನ್ನದೇವರೆಂದ ಮೇಲೆ ಉಗುಳುವ ಹಾಗೂ ಇಲ್ಲ. ಸಕಲೇಶಪುರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ, ನಸ್ರುಲ್ಲಾನ ಬೇಕರಿಯ ಮುಂದೆ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ ಅವನನ್ನು ಕಂಡವರು ಪಾಪ, ಹಲ್ಲುನೋವು ಅಂದುಕೊಂಡರು. ಮಹಾತ್ಯಾಗಗಳೆಲ್ಲ ಹೀಗೆಯೇ ಶುರುವಾಗುತ್ತವೆ. ಚರಿತ್ರೆ ಬರೆಯುವವರು ಪಫ್ಪಿನ ಸಂಗತಿಯನ್ನು ಕೈಬಿಡುತ್ತಾರೆ, ಅಷ್ಟೆ.

ಆ ಮೇ ತಿಂಗಳ ಗುರುವಾರ ಅವನು ಬೆಳಗೋಡಿನಲ್ಲಿ ಬಸ್ಸು ಹತ್ತಿದ್ದು ಕಾಡು ಉಳಿಸುವುದಕ್ಕಲ್ಲ. ಔಷಧಿ ಹೊಡೆಯುವ ಸ್ಪ್ರೇಯರಿಗೆ ಸಬ್ಸಿಡಿ ಕೊಡುವ ಸಭೆ ಸಕಲೇಶಪುರದಲ್ಲಿ ಇದೆಯೆಂದು ಯಾರೋ ಹೇಳಿದ್ದರು. ಯಾವ ಮಹಡಿಯೆಂದು ಹೇಳಿರಲಿಲ್ಲ. ಸಬ್ಸಿಡಿಯ ಸಭೆ ಕೆಳಗಿನ ಸಭಾಂಗಣದಲ್ಲಿತ್ತು, ಮೃತ್ಯುಂಜಯ ಮೇಲಿನದಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತ. ಮುಂದಿನ ಸಾಲಿನಲ್ಲಿ ಕೂತವನಿಗೆ ಮೊದಲ ಫಾರಂ ಸಿಗುತ್ತದೆ ಎಂಬುದು ಅವನ ಐವತ್ತೆರಡು ವರ್ಷದ ಬಾಳಿನ ಸಾರ.

ಅಲ್ಲಿ ಹಾಸನದ ಕಾಲೇಜಿನಲ್ಲಿ ಪಾಠ ಮಾಡುವ ದೀಪಶ್ರೀ ಎಂಬ ಮೇಡಂ, ತಮ್ಮ ಹಸಿರು ಬಳಗದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಂದು, ಬಿಳೀ ಪರದೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಸಮುದ್ರದಾಚೆಯ ಮಳೆಕಾಡು. ತಾಳೆ ತೋಟ ಎಬ್ಬಿಸುವುದಕ್ಕೆ ಬೆಂಕಿ ಇಟ್ಟಿದ್ದಾರೆ. ಕಾಗದದ ಕಾರ್ಖಾನೆಗೆಂದು ಬೆಟ್ಟಕ್ಕೆ ಬೆಟ್ಟವನ್ನೇ ಬೋಳಿಸಿದ್ದಾರೆ. ಸ್ಪ್ರೇಯರ್ ಯಾವಾಗ ಬರುತ್ತದೋ ಎಂದು ಮೃತ್ಯುಂಜಯ ತಾಳ್ಮೆಯಿಂದ ಕಾದ. ಬಂದದ್ದು ಒಂದು ಒರಾಂಗುಟಾನ್. ಸುಟ್ಟ ನೆಲದಲ್ಲಿ ಉಳಿದ ಒಂದೇ ಮೋಟುಮರದ ಮೇಲೆ ಕೂತು, ಮರಿಯನ್ನು ಎದೆಗವಚಿಕೊಂಡು, ಅದು ನೇರವಾಗಿ ಮುಂದಿನ ಸಾಲನ್ನು ನೋಡುತ್ತಿತ್ತು. ಮುಂದಿನ ಸಾಲಿನಲ್ಲಿ ಮೃತ್ಯುಂಜಯನೊಬ್ಬನೇ ಇದ್ದ.

ಅವನ ಕರುಳು ಚುರುಕ್ಕೆಂದಿತು. ಇದರಲ್ಲಿ ತಮಾಷೆ ಮಾಡುವಂಥದ್ದೇನೂ ಇಲ್ಲ. ಮೃತ್ಯುಂಜಯನಲ್ಲಿ ನೂರು ಕೊರತೆ ಇದ್ದೀತು, ಕರುಳಿನ ಕೊರತೆ ಇರಲಿಲ್ಲ.

"ಇಲ್ಲಿ ಕಾಫಿ ಬೆಳೆಗಾರರು ಯಾರಾದರೂ ಇದ್ದರೆ ಎರಡು ಮಾತು ಹೇಳಿ" ಎಂದು ದೀಪಶ್ರೀ ಮೈಕು ಚಾಚಿದರು. ಹತ್ತಿರ ಸಿಕ್ಕವನು ಅವನೇ. ಹುಟ್ಟಿದಾಗಿನಿಂದ ಅವನ ಕೈಗೆ ಯಾರೂ ಮೈಕು ಕೊಟ್ಟಿರಲಿಲ್ಲ. ತನ್ನ ಮದುವೆಯಲ್ಲೂ ಅದು ಮಾವನ ಕೈಯಲ್ಲಿತ್ತು. ತಾಳೆ ಎಣ್ಣೆ ಮುಟ್ಟುವುದಿಲ್ಲ ಎಂದ. ಚಪ್ಪಾಳೆ ಬಂತು. ಕಾಗದ ಹಾಳು ಮಾಡುವುದಿಲ್ಲ ಎಂದ. ಇನ್ನೂ ಜೋರಾಗಿ ಬಂತು. ಬಳಗದವರು ಕೇಳಿದ್ದು ಈ ಎರಡೇ ಪ್ರತಿಜ್ಞೆ. ಅಲ್ಲಿಗೆ ಕೂತುಬಿಟ್ಟಿದ್ದರೆ ಈ ಕಥೆಯೂ ಅಲ್ಲಿಗೇ ಕೂರುತ್ತಿತ್ತು. ಆದರೆ ಚಪ್ಪಾಳೆಯ ರುಚಿ ಹತ್ತಿದವನಿಗೆ ಎರಡು ಸಾಲುವುದಿಲ್ಲ.

"ಇನ್ನೊಂದು ಮಾತು" ಎಂದ ಮೃತ್ಯುಂಜಯ. "ನನ್ನ ನಾಲ್ಕೆಕರೆ ತೋಟದಲ್ಲಿ ಇವತ್ತಿಂದ ಒಂದೇ ಒಂದು ರೆಂಬೆ ಮ್ಯಾಲೆ ಕತ್ತಿ ಬೀಳಕ್ಕೆ ಬಿಡಲ್ಲ. ಬಿದ್ರೆ ನನ್ನ ಹೆಸರು ಮೃತ್ಯುಂಜಯನೇ ಅಲ್ಲ."

ಇಡೀ ಸಭೆ ಎದ್ದು ನಿಂತಿತು. ಜೂನ್ ಐದರ ಪರಿಸರ ದಿನವನ್ನು ಇವರ ತೋಟದಲ್ಲೇ ಮಾಡುತ್ತೇವೆ, ಒಂದು ಬೋರ್ಡನ್ನೂ ತರುತ್ತೇವೆ ಎಂದು ದೀಪಶ್ರೀ ಅಲ್ಲೇ ಘೋಷಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬನು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿಯುತ್ತಿದ್ದ. ಅವನು ಪ್ರತಾಪ್, ಮೃತ್ಯುಂಜಯನ ಬೇಲಿಯಾಚೆಯ ನಲವತ್ತೆಕರೆಯ ಒಡೆಯ. ಅವನೂ ಸ್ಪ್ರೇಯರಿಗೆ ಬಂದು ಮಹಡಿ ತಪ್ಪಿದವನೇ.

ಮೃತ್ಯುಂಜಯ ಅಲ್ಲಿಂದ ಹೊರಟು, ಕಾಲಿನ ಅಭ್ಯಾಸದಂತೆ ನಸ್ರುಲ್ಲಾನ ಬೇಕರಿಗೆ ಹೋಗಿ, ಪಫ್ ಕಚ್ಚಿ, ಆಮೇಲೆ "ಇದ್ಕೆ ಯಾವ ಎಣ್ಣೆ ಹಾಕ್ತೀರಿ?" ಎಂದು ಕೇಳಿದ. ನಸ್ರುಲ್ಲಾ ಒಳಗಿನ ಡಬ್ಬ ತೋರಿಸಿದ. ಡಬ್ಬದ ಮೇಲೆ ತಾಳೆ ಮರದ ಚಿತ್ರವಿತ್ತು. ಮುಂದಿನದ್ದು ಆಗಲೇ ಹೇಳಿದೆ. ಐದು ನಿಮಿಷ ಹಾಗೇ ನಿಂತ, ಕೊನೆಗೆ ಪಫ್ಪು ತಾನೇ ಕರಗಿ ಒಳಗೆ ಹೋಯಿತು. ತಾನು ನುಂಗಲಿಲ್ಲ, ಅದೇ ಇಳಿಯಿತು ಎಂದು ಮೃತ್ಯುಂಜಯ ಇವತ್ತಿಗೂ ವಾದಿಸುತ್ತಾನೆ.

"ಇನ್ಮೇಲೆ ನಿಮ್ಮ ಪಫ್ ನಂಗೆ ಬೇಡ ನಸ್ರುಲ್ಲಾ. ಆ ಪ್ರಾಣಿ ಮರೀನ ತಬ್ಕೊಂಡು ಕೂತೈತೆ."

"ಯಾವ ಪ್ರಾಣಿ?"

"ಮೋಟುಮರದ ಮ್ಯಾಲೆ. ನನ್ನೇ ನೋಡ್ತು."

ಇಪ್ಪತ್ತು ವರ್ಷದಿಂದ ಬರುವ ಗಿರಾಕಿ. ನಸ್ರುಲ್ಲಾ ಒಂದು ಲೋಟ ನೀರು ಕೊಟ್ಟು, ಬಿಸಿಲಲ್ಲಿ ತಿರುಗಬೇಡಿ ಎಂದ.

ಬಸ್ಸಿನಲ್ಲಿ ಪ್ರತಾಪ್ ಪಕ್ಕದಲ್ಲೇ ಕೂತ. ಮಾತು ಚೆನ್ನಾಗಿತ್ತು ಎಂದು ಹೊಗಳಿದ, ವಿಡಿಯೋ ಆಗಲೇ ಮೂರು ಗ್ರೂಪಿಗೆ ಹೋಗಿದೆ ಎಂದ. ಬೆಳಗೋಡು ಬರುವಷ್ಟರಲ್ಲಿ ಸುಮ್ಮನೆ ಕೇಳುವವನ ಹಾಗೆ ಕೇಳಿದ.

"ಅಲ್ಲ ಮೃತ್ಯುಂಜಯಣ್ಣ, ಹಂಗಾದ್ರೆ ನಿಮ್ಮ ಮರಗಸಿ?"

ಕಾಫಿ ಸೀಮೆಯಲ್ಲಿ ಮೇ ತಿಂಗಳೆಂದರೆ ಮರಗಸಿ. ಗಿಡಗಳಿಗೆ ನೆರಳು ಕೊಡುವ ಹಾಲುವಾಣ, ಅತ್ತಿ, ಸಿಲ್ವರ್ ಓಕ್ ಮರಗಳನ್ನು ಆಳುಗಳು ಹತ್ತಿ, ಹೆಚ್ಚಿದ ರೆಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಕಡಿದು ತೋಟಕ್ಕೆ ಬೆಳಕು ಬಿಡಬೇಕು. ಬಿಡದೆ ಹೋದರೆ ಜೂನ್ ಜುಲೈ ಮಳೆಯಲ್ಲಿ ಗಿಡದ ಮೇಲೆ ಕತ್ತಲು ಕೂತು, ಎಲೆಯ ನೀರು ಆರದೆ, ಕೊಳೆರೋಗ ಹತ್ತಿ ಕಾಯಿ ಕಪ್ಪಾಗಿ ಉದುರುತ್ತದೆ. ವರ್ಷದ ಬೆಳೆ ಹೋಯಿತು ಅಂತಲೇ ಲೆಕ್ಕ. ಇದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮೃತ್ಯುಂಜಯನಿಗೂ ನಲವತ್ತು ವರ್ಷದಿಂದ ಗೊತ್ತಿತ್ತು, ಮೈಕು ಹಿಡಿದ ನಾಲ್ಕು ನಿಮಿಷ ಬಿಟ್ಟು.

ಅವನು ಬಸ್ಸಿಳಿದು ಮನೆಗೆ ಹೋಗುವ ದಾರಿಯುದ್ದಕ್ಕೂ ತನ್ನ ತೋಟದ ಮರಗಳನ್ನೇ ನೋಡಿಕೊಂಡು ಹೋದ. ಎಂದೂ ಇಲ್ಲದಷ್ಟು ದಟ್ಟವಾಗಿ ಕಂಡವು.

ಹೆಂಡತಿ ವಿಶಾಲಮ್ಮ ವಿಡಿಯೋವನ್ನು ಆಗಲೇ ಎರಡು ಸಲ ನೋಡಿ ಕೂತಿದ್ದಳು. ಮೃತ್ಯುಂಜಯ ಮಾತಿಗೆ ಸಿಕ್ಕದೆ ನೇರ ಅಡುಗೆಮನೆಗೆ ಹೋಗಿ, ಕನ್ನಡಕ ಹಾಕಿಕೊಂಡು ಪೊಟ್ಟಣಗಳ ಹಿಂದಿನ ಸಣ್ಣಕ್ಷರ ಓದತೊಡಗಿದ. ಬಿಸ್ಕತ್ತಿನಲ್ಲಿ ತಾಳೆ. ಮಿಕ್ಸ್ಚರಿನಲ್ಲಿ ತಾಳೆ. ಮೈಗೆ ಹಚ್ಚುವ ಸೋಪಿನಲ್ಲೂ ತಾಳೆ. ಒಂದು ಗಂಟೆಯಲ್ಲಿ ಮನೆಯಲ್ಲಿ ಉಳಿದದ್ದು ಅಕ್ಕಿ, ರಾಗಿ, ಉಪ್ಪು ಮತ್ತು ವಿಶಾಲಮ್ಮ.

"ಎಣ್ಣೆ ಹೋದ್ರೆ ಹೋಗ್ಲಿ, ಕಡ್ಲೇಕಾಯಿ ಎಣ್ಣೇಲಿ ಮಾಡ್ತೀನಿ. ಸೋಪು ಹೋದ್ರೆ ಸೀಗೇಕಾಯಿ ಐತೆ" ಎಂದಳು ಅವಳು. "ಮರಗಸಿಗೆ ಏನು ಮಾಡ್ತೀರಿ ಹೇಳಿ."

"ನೋಡಾಣ."

"ಏನು ನೋಡೋದು? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಪ್ರತಿಜ್ಞೆ ಮಾಡಕ್ಕೆ ಮುಂಚೆ ಮನೆಗೊಂದು ಫೋನ್ ಮಾಡಕ್ಕಾಗ್ಲಿಲ್ವಾ? ಇನ್ನು ಹದಿನೈದು ದಿನಕ್ಕೆ ಮಳೆ."

ಈ 'ಹದಿನೈದು ದಿನ' ಎಂಬ ಮಾತು ಮೃತ್ಯುಂಜಯನ ಎದೆಯಲ್ಲಿ ಗೂಟ ಹೊಡೆದು ಕೂತಿತು. ಅಂದಿನಿಂದ ಅವನು ಎದ್ದ ಕೂಡಲೇ ಮುಖ ತೊಳೆಯುವುದಕ್ಕೆ ಮುಂಚೆ ಅಂಗಳಕ್ಕೆ ಬಂದು ಪಡುವಣದ ಆಕಾಶ ನೋಡುತ್ತಿದ್ದ.

ಭಾನುವಾರ ಬೆಳಿಗ್ಗೆ ಬಸವಯ್ಯ ಬಂದ. ಆನೇಮಹಲಿನವನು, ಈ ಸುತ್ತಿನಲ್ಲಿ ಮರಗಸಿಗೆ ಅವನನ್ನು ಬಿಟ್ಟರಿಲ್ಲ. ಏಳು ಆಳು, ಹಗ್ಗ, ಕತ್ತಿ, ಏಣಿ ಎಲ್ಲ ತಂದಿದ್ದ. ಮೂವತ್ತು ವರ್ಷದಿಂದ ಈ ತೋಟದ ಮರಗಳನ್ನು ಹತ್ತಿದವನು. ಯಾವ ಮರದ ಯಾವ ರೆಂಬೆ ಎಷ್ಟು ಬೆಳೆದಿದೆ ಎಂಬುದು ಅವನಿಗೆ ಒಡೆಯನಿಗಿಂತ ಚೆನ್ನಾಗಿ ಗೊತ್ತು.

ಮೃತ್ಯುಂಜಯ ಅವನನ್ನು ಪಕ್ಕಕ್ಕೆ ಕರೆದ. ಬೇಲಿಯಾಚೆ ಪ್ರತಾಪನ ಆಳುಗಳು ಕೆಲಸ ನಿಲ್ಲಿಸಿ ಸಾಲಾಗಿ ನಿಂತಿದ್ದರು. ಒಬ್ಬನ ಕೈಯಲ್ಲಿ ಮೊಬೈಲೂ ಇತ್ತು.

"ಬಸವಯ್ಯ, ರೆಂಬೆ ಕಡೀದೆ ಮರಗಸಿ ಮಾಡಕ್ಕೆ ಏನಾದ್ರೂ ದಾರಿ ಐತಾ?"

ಬಸವಯ್ಯ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ನೀವು ನೀರು ಮುಟ್ಟದೆ ಒಂದು ಸ್ನಾನ ಮಾಡಿ ತೋರ್ಸಿ. ಅದನ್ನ ನೋಡ್ಕೊಂಡು ನಾನು ಕಲ್ತ್ಕೋತೀನಿ."

"ಹಂಗಲ್ಲ ಮಾರಾಯ. ಸ್ವಲ್ಪ ದಿನ ತಡಿ."

"ತಡೆಯಕ್ಕೆ ಮೋಡಕ್ಕೆ ಹೇಳಿ, ನಂಗಲ್ಲ. ನನ್ನ ಕೆಲಸದಲ್ಲಿ ಏನಾರ ಐಬು ಕಂಡಿದ್ರೆ ಮುಖಕ್ಕೆ ಹೇಳ್ಬುಡಿ."

ಐಬಿಲ್ಲ ಎಂದು ಮೃತ್ಯುಂಜಯ ಹೇಳಿದ. ಯಾಕೆ ಬೇಡ ಎಂದು ಹೇಳಲು ಬಾಯಿ ಬರಲಿಲ್ಲ. ಬೇಲಿಯ ಮೊಬೈಲು ಇತ್ತಲೇ ತಿರುಗಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎನ್ನುತ್ತಾರಲ್ಲ, ಅಡಿಕೆಗಾದರೂ ಎರಡೇ ಅಲಗು. ವಿಶಾಲಮ್ಮ ಕೊಟ್ಟ ಕಾಫಿಯನ್ನೂ ಕುಡಿಯದೆ ಬಸವಯ್ಯ ಏಣಿ ಹೊತ್ತುಕೊಂಡು ಹೋದ.

ಇಲ್ಲಿಂದ ಮುಂದೆ ವಿಷಯ ಮೃತ್ಯುಂಜಯನ ಕೈಯಲ್ಲಿ ಉಳಿಯಲಿಲ್ಲ. ಬೆಳಗೋಡಿನ ಟೀ ಅಂಗಡಿಯಲ್ಲಿ ಬಸವಯ್ಯ ಬೇಜಾರಿನಿಂದ ಸಂಗತಿ ಹೇಳಿದ. ಕೇಳಿದವರು ಯೋಚನೆ ಮಾಡಿದರು. ಬುದ್ಧಿ ನೆಟ್ಟಗಿರುವ ಯಾವ ಬೆಳೆಗಾರನೂ ಮೇ ತಿಂಗಳ ಕೊನೆಯಲ್ಲಿ ಮನೆಬಾಗಿಲಿಗೆ ಬಂದ ಬಸವಯ್ಯನನ್ನು ವಾಪಸು ಕಳಿಸುವುದಿಲ್ಲ. ಹಾಗಾದರೆ ಒಂದೋ ಮೃತ್ಯುಂಜಯನಿಗೆ ಬುದ್ಧಿ ನೆಟ್ಟಗಿಲ್ಲ, ಇಲ್ಲವೇ ನಮಗ್ಯಾರಿಗೂ ಗೊತ್ತಿಲ್ಲದ್ದೇನೋ ಅವನಿಗೆ ಗೊತ್ತಿದೆ. ಮೊದಲನೆಯದನ್ನೇ ನಂಬುವವರು ಹೆಚ್ಚಿದ್ದರು, ಆದರೆ ಅಷ್ಟರಲ್ಲಿ ಒಬ್ಬರು ವಿಡಿಯೋ ತೆಗೆದರು.

"ನೋಡ್ರಿ, ಮುಂದಿನ ಸಾಲಲ್ಲಿ ಕೂತವ್ನೆ. ಒಬ್ನೇ. ಯಾರು ಕೂರ್ಸಿದ್ದು?"

"ಜೂನ್ ಐದಕ್ಕೆ ಅವ್ನ ಗೇಟಿಗೆ ಬೋರ್ಡ್ ಬತ್ತದಂತೆ."

"ಏನು ಬೋರ್ಡು?"

"ಇನ್ನೇನು, ಮರಗಸಿ ನಿಷೇಧ ಅಂತ. ಮೊದಲು ಅವ್ನ ಗೇಟು, ಆಮೇಲೆ ಎಲ್ಲರ ಗೇಟು. ಅದ್ಕೇ ಅವನು ಮುಂಚೇನೇ ನಿಲ್ಸ್‌ಬುಟ್ಟ. ಒಳಗಿಂದ ಸುದ್ದಿ ಬಂದೈತೆ ಅವ್ನಿಗೆ."

ಸಂಜೆಗೆ ಸುದ್ದಿ ಆಲೂರು ದಾಟಿತು. ಮರುದಿನ ಯಸಳೂರು ಮುಟ್ಟಿತು. ಜೂನ್ ಐದರಿಂದ ಮರಗಸಿ ಬಂದ್, ಕತ್ತಿ ಎತ್ತಿದವರ ಮೇಲೆ ಕೇಸು. ಜೂನಿನವರೆಗೂ ನೋಡೋಣ ಎಂದು ಕೂತಿದ್ದ ಸೋಮಾರಿಗಳೆಲ್ಲ ಎದ್ದರು. ಬೆಟ್ಟದ ಈ ಕಡೆ ಆ ಕಡೆ ಎಲ್ಲಿ ಕಿವಿಗೊಟ್ಟರೂ ಕತ್ತಿಯ ಸದ್ದು. ಮರಗಸಿ ಆಳುಗಳನ್ನು ಮದುಮಕ್ಕಳಂತೆ ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ಪ್ರತಾಪ್ ಬಸವಯ್ಯನ ತಂಡವನ್ನೇ ಹಿಡಿದು ತನ್ನ ನಲವತ್ತೆಕರೆಯನ್ನೂ ಮುಗಿಸಿಕೊಂಡ. ರೆಂಬೆ ಉಳಿಸುತ್ತೇನೆಂದು ಒಬ್ಬನು ಆಡಿದ ಮಾತಿಗೆ, ಆ ವರ್ಷ ಆ ಸೀಮೆಯಲ್ಲಿ ಬಿದ್ದಷ್ಟು ರೆಂಬೆ ಹಿಂದೆಂದೂ ಬಿದ್ದಿರಲಿಲ್ಲ.

ನಡುವೆ ಮೃತ್ಯುಂಜಯನ ನಾಲ್ಕೆಕರೆ ಮಾತ್ರ ಹಾಡಹಗಲೇ ಕತ್ತಲು. ದಾರಿಯಲ್ಲಿ ಹೋಗುವವರು ನಿಂತು ಅದಕ್ಕೆ ಕೈಮುಗಿಯುವುದೊಂದು ಬಾಕಿ. ಕೆಲವರು ಮನೆಗೇ ಬಂದರು, ಕೈಯಲ್ಲಿ ಅರ್ಜಿ ಹಿಡಿದುಕೊಂಡು.

"ಮೃತ್ಯುಂಜಯಣ್ಣ, ನಿಮಗೆ ಮೇಲಿನೋರು ಗೊತ್ತು. ನಂದು ಹಳ್ಳದ ಪಕ್ಕದ ತೋಟ, ಬಲು ಥಂಡಿ. ನಂಗೊಂದು ವಿನಾಯ್ತಿ ಕೊಡ್ಸಿ."

"ನಂಗ್ಯಾರೂ ಗೊತ್ತಿಲ್ಲ ಕಣೋ."

"ಗೊತ್ತಿಲ್ಲ ಅನ್ನೋರ್ಗೇ ಗೊತ್ತಿರೋದು. ಪಹಣಿ ಜೆರಾಕ್ಸು, ಆಧಾರ್ ಜೆರಾಕ್ಸು, ನಕ್ಷೆ ಜೆರಾಕ್ಸು, ಎಲ್ಲಾ ಇಟ್ಟಿವ್ನಿ. ಎರಡೆರಡು ಪ್ರತಿ."

ನಾಲ್ಕು ದಿನದಲ್ಲಿ ನಡುಮನೆಯ ಬೆಂಚಿನ ಮೇಲೆ ಕಾಗದದ ರಾಶಿ ಮೊಳ ಎತ್ತರ ಬೆಳೆಯಿತು. ಕಾಗದ ಬಿಟ್ಟವನ ಮನೆಗೆ ಬಂದಷ್ಟು ಕಾಗದ ತಾಲ್ಲೂಕು ಕಚೇರಿಗೂ ಬಂದಿರಲಾರದು. ಆ ರಾಶಿಯನ್ನು ನೋಡಿದಾಗಲೆಲ್ಲ ಮೃತ್ಯುಂಜಯನಿಗೆ ಮೋಟುಮರದ ಮೇಲಿನ ಮುಖ ಕಾಣುತ್ತಿತ್ತು, ಈ ಸಲ ಸ್ವಲ್ಪ ಕೋಪದಲ್ಲಿ.

ಶುಕ್ರವಾರ ಅವನು ಗಟ್ಟಿಮನಸ್ಸು ಮಾಡಿ ದೀಪಶ್ರೀಗೆ ಫೋನ್ ಮಾಡಿದ. ಮೂರನೆಯ ಪ್ರತಿಜ್ಞೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ಹೇಳಿಬಿಡುವುದು, ಅಷ್ಟೇ. ಮಾತನ್ನು ಮೂರು ಸಲ ಅಭ್ಯಾಸವೂ ಮಾಡಿದ್ದ. ವಿಶಾಲಮ್ಮ ಎದುರಿಗೇ ನಿಂತಿದ್ದಳು.

"ಸಾರ್, ನಾನೇ ಮಾಡಬೇಕು ಅಂತಿದ್ದೆ" ಎಂದಿತು ಆ ಕಡೆಯ ದನಿ. "ನಿಮ್ಮ ಮಾತನ್ನ ನಮ್ಮ ಮಕ್ಕಳು ಬೋರ್ಡಿನ ಮೇಲೆ ಬರೆದಿದ್ದಾರೆ. ಈ ಅಭಿಯಾನ ನಿಂತಿರೋದೇ ನಿಮ್ಮಂಥವರ ಮೇಲೆ. ಹೇಳಿ ಸಾರ್, ಏನು ವಿಷಯ?"

ಮೃತ್ಯುಂಜಯನ ಗಂಟಲಲ್ಲಿ ಮತ್ತೆ ಅದೇ ಪಫ್ಪು ಸಿಕ್ಕಿಕೊಂಡಿತು.

"ಏನಿಲ್ಲ ಮೇಡಂ. ಹಾಸನದಲ್ಲಿ ಮೋಡ ಐತಾ?"

"ಸ್ವಲ್ಪ ಇದೆ ಸಾರ್."

"ಇಲ್ಲೂ ಸ್ವಲ್ಪ ಐತೆ" ಎಂದು ಹೇಳಿ ಅವನು ಫೋನಿಟ್ಟ.

ಆ ಮಧ್ಯಾಹ್ನವೇ ಗ್ರಾಮ ಆಡಳಿತಾಧಿಕಾರಿ ದೇವೇಂದ್ರ ಬೈಕಿನಲ್ಲಿ ಬಂದರು. ಬಿಸಿಲಲ್ಲಿ ಬಂದ ಮುಖ ಕೆಂಪಗಿತ್ತು. ಮರಗಸಿ ನಿಷೇಧವಾಗಿದೆಯೆಂದು ಕಚೇರಿಗೆ ದಿನಕ್ಕೆ ಐವತ್ತು ಫೋನ್ ಬರುತ್ತಿವೆ, ಮೂಲ ಎಲ್ಲಿದೆ ಎಂದು ಹುಡುಕಿದರೆ ಎಲ್ಲರೂ ಈ ಮನೆಯನ್ನೇ ತೋರಿಸುತ್ತಾರೆ.

"ನಾನು ಯಾರಿಗೂ ಏನೂ ಹೇಳಿಲ್ಲ ಸ್ವಾಮಿ" ಎಂದ ಮೃತ್ಯುಂಜಯ.

"ಅದೇ ತಪ್ಪು. ನೀವು ಏನಾದ್ರೂ ಹೇಳಿದ್ರೆ ಜನ ನಂಬ್ತಿರಲಿಲ್ಲ. ಈಗ ಒಂದು ಕೆಲಸ ಮಾಡಿ. ನಾನು ಸುದ್ದಿ ಹಬ್ಬಿಸಿಲ್ಲ ಅಂತ ಬರೆದು ಸಹಿ ಹಾಕಿಕೊಡಿ. ಮೂರು ಪ್ರತಿ."

"ನಾನು ಕಾಗದ ಬಿಟ್ಟಿದ್ದೀನಿ."

ದೇವೇಂದ್ರ ಬೆಂಚಿನ ಮೇಲಿನ ರಾಶಿಯನ್ನು ನೋಡಿದರು, ಅವನನ್ನು ನೋಡಿದರು. "ಹಾಗಾದರೆ ಕಾಗದ ಬಿಟ್ಟಿದ್ದೀನಿ ಅಂತಲೂ ಒಂದು ಕಾಗದದಲ್ಲಿ ಬರೆದುಕೊಡಿ. ಅದೂ ಮೂರು ಪ್ರತಿ."

ಆರು ಹಾಳೆ ಬರೆದುಕೊಟ್ಟ ಮೇಲೆ ಅವರು ಹೊರಟರು. ಬೈಕು ಹತ್ತುವಾಗ ತೋಟದ ಕಡೆ ತಿರುಗಿ, ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ, ಮಳೆ ನಾಲ್ಕೈದು ದಿನದಲ್ಲಿ ಬರುತ್ತದಂತೆ, ಹವಾಮಾನದವರು ಹೇಳಿದ್ದಾರೆ ಎಂದರು. ಕಳೆದ ಡಿಸೆಂಬರಿನಿಂದ ಮೃತ್ಯುಂಜಯನೂ ವಿಶಾಲಮ್ಮನೂ ಒಂದೊಂದು ಗಿಡದ ಬುಡಕ್ಕೂ ಗೊಬ್ಬರ ಹೊತ್ತು ಹಾಕಿದ್ದರು. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆ ಸಮಯಕ್ಕೆ ಬಂದು, ಆ ವರ್ಷ ಕಾಯಿ ಕಟ್ಟಿದ್ದು ಕಣ್ಣಿಗೆ ಹಬ್ಬವಾಗಿತ್ತು. ಅವನು ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಸೀದಾ ಆನೇಮಹಲಿಗೆ ಹೋದ. ಮಾನ ಹೋದರೆ ಹೋಗಲಿ.

ಬಸವಯ್ಯನ ಮನೆಮುಂದೆ ಮೂರು ಜೀಪು ನಿಂತಿದ್ದವು.

"ಜೂನ್ ನಾಲ್ಕರ ಸಂಜೆವರ್ಗೂ ಒಂದು ಗಳಿಗೆ ಬಿಡುವಿಲ್ಲ" ಎಂದ ಬಸವಯ್ಯ. ದನಿಯಲ್ಲಿ ಇನ್ನೂ ಭಾನುವಾರ ಕುಡಿಯದೆ ಬಿಟ್ಟ ಕಾಫಿ ಇತ್ತು. "ಐದರಿಂದ ನಿಷೇಧ. ನೀವೇ ತಂದಿದ್ದಲ್ವಾ?"

ಇರಲಾರದೆ ಇರುವೆ ಬಿಟ್ಟುಕೊಂಡವನು ಕೆರೆದುಕೊಳ್ಳಲೇಬೇಕು. ಮೃತ್ಯುಂಜಯ ವಾಪಸು ಬಂದ.

ಜೂನ್ ಐದರ ಬೆಳಿಗ್ಗೆ ಪಡುವಣ ಕಾಡಿಗೆಯಾಗಿತ್ತು. ಬಳಗದವರು ಬರುವುದು ಹನ್ನೊಂದಕ್ಕೆ. ವಿಶಾಲಮ್ಮ ಸ್ಟೋರಿನಿಂದ ಹಳೆಯ ಏಣಿಯನ್ನೂ ಕತ್ತಿಯನ್ನೂ ತಂದು ಗಂಡನ ಮುಂದೆ ಇಟ್ಟಳು.

"ಹತ್ತಿ" ಎಂದಳು. "ಗೇಟಿಂದ ಕಾಣದ ಮರ ನೋಡ್ಕೊಂಡು ಹತ್ತಿ. ಹತ್ತು ಗಂಟೆವರ್ಗೂ ಆದಷ್ಟು ಆಗ್ಲಿ."

"ನಾನು ಮರ ಹತ್ತಿ ಇಪ್ಪತ್ತು ವರ್ಷ ಆಯ್ತಲ್ಲೇ."

"ಮೈಕು ಹಿಡಿದು ಎಷ್ಟು ವರ್ಷ ಆಗಿತ್ತು?"

ತೋಟದ ನಡುಮಧ್ಯದ ಅತ್ತಿಮರಕ್ಕೆ ಏಣಿ ಚಾಚಿದರು. ಮೃತ್ಯುಂಜಯ ಏಣಿ ಮುಗಿದ ಮೇಲೂ ಮನೆದೇವರನ್ನು ನೆನೆಯುತ್ತ ಎರಡಾಳು ಮೇಲೆ ಹೋಗಿ, ಕವಲಿನಲ್ಲಿ ಹೊಟ್ಟೆ ಸಿಕ್ಕಿಸಿಕೊಂಡು ಕೂತ. ಕೆಳಗೆ ನೋಡಿದರೆ ತಲೆ ತಿರುಗುತ್ತದೆ, ಮೇಲೆ ನೋಡಿದರೆ ಮೋಡ. ಕಣ್ಣು ಅರ್ಧ ಮುಚ್ಚಿ ದೊಡ್ಡ ರೆಂಬೆಯೊಂದಕ್ಕೆ ಕತ್ತಿ ಬೀಸತೊಡಗಿದ. ಸದ್ದು ಎರಡು ಗುಡ್ಡ ದಾಟುವ ಹಾಗೆ ಕೇಳುತ್ತಿತ್ತು. ಊರಲ್ಲೆಲ್ಲ ಕತ್ತಿ ನಿಂತ ಆ ಒಂದು ದಿನ ಅವನ ಕತ್ತಿ ಮಾತ್ರ ಎದ್ದಿತ್ತು.

ಹಾಸನದ ಮಿನಿಬಸ್ಸು ಒಂದೂವರೆ ಗಂಟೆ ಮುಂಚೆ ಬಂತು. ಮಳೆ ಬರುವುದರೊಳಗೆ ಮುಗಿಸೋಣವೆಂದು ದೀಪಶ್ರೀ ಬೇಗ ಹೊರಡಿಸಿದ್ದರು. ಬಸ್ಸಿನ ಹಿಂದೆ ದೇವೇಂದ್ರರ ಬೈಕು, ಅದರ ಹಿಂದೆ ಪ್ರತಾಪನ ಜೀಪು, ಜೀಪಿನಲ್ಲಿ ಬೋರ್ಡು ನೋಡಲು ಹೊರಟ ಬೆಳೆಗಾರರು. ಬಸವಯ್ಯನೂ ಕತ್ತಿ, ಹಗ್ಗದ ಸಮೇತ ತಂಡ ಕಟ್ಟಿಕೊಂಡೇ ಬಂದಿದ್ದ. ತನ್ನ ಕಸುಬನ್ನು ನಿಲ್ಲಿಸುವ ಬೋರ್ಡು ಹೇಗಿರುತ್ತದೆಂದು ಕಣ್ಣಾರೆ ನೋಡಬೇಕಿತ್ತು ಅವನಿಗೆ. ಕೊನೆಯಲ್ಲಿ ನಸ್ರುಲ್ಲಾ, ಕಾರ್ಯಕ್ರಮದ ತಿಂಡಿಯ ಟ್ರೇ ಹೊತ್ತುಕೊಂಡು. ಗೇಟಿನಲ್ಲಿ ಯಾರೂ ಕಾಣಲಿಲ್ಲ. ಎಲ್ಲರೂ ಸದ್ದು ಬಂದ ಕಡೆ ನಡೆದರು.

ಅವರು ಅತ್ತಿಮರದ ಬಳಿ ಬರುವುದಕ್ಕೂ ರೆಂಬೆ ಲಟಕ್ಕೆಂದು ಮುರಿಯುವುದಕ್ಕೂ ಸರಿಹೋಯಿತು. ವಿಶಾಲಮ್ಮ ಪಕ್ಕಕ್ಕೆ ಹಾರಿದಳು. ರೆಂಬೆ ಏಣಿಯನ್ನೂ ಎಳೆದುಕೊಂಡು ಬಂದು, ದೀಪಶ್ರೀಯವರ ಕಾಲಿನಿಂದ ನಾಲ್ಕು ಮಾರು ದೂರದಲ್ಲಿ ಬಿತ್ತು. ಅಲ್ಲಿ ಇಬ್ಬರು ವಿದ್ಯಾರ್ಥಿನಿಯರು ಎತ್ತಿ ಹಿಡಿದಿದ್ದ ಮರದ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಈ ತೋಟದಲ್ಲಿ ಒಂದು ರೆಂಬೆಗೂ ಕತ್ತಿ ಬೀಳುವುದಿಲ್ಲ. ಮೃತ್ಯುಂಜಯ, ಬೆಳೆಗಾರರು.'

ಮೂವತ್ತು ಜನ ಮೇಲೆ ನೋಡಿದರು. ಮೃತ್ಯುಂಜಯ ಕತ್ತಿ ಬಚ್ಚಿಡಲು ನೋಡಿದ. ಮರದ ಮೇಲೆ ಎಲ್ಲಿ ಬಚ್ಚಿಡುವುದು. ಇಳಿಯೋಣವೆಂದರೆ ಏಣಿಯಿಲ್ಲ. ಕವಲಿನಲ್ಲಿ ಕೂತು, ಕಾಂಡವನ್ನು ಎದೆಗವಚಿಕೊಂಡು ಕೆಳಗಿನ ಮುಂದಿನ ಸಾಲನ್ನು ನೋಡುತ್ತಿದ್ದವನಿಗೆ, ಈ ಭಂಗಿಯನ್ನು ತಾನು ಎಲ್ಲೋ ನೋಡಿದ್ದೇನೆ ಅನ್ನಿಸಿತು.

"ಮೇಡಂ" ಎಂದ. "ನನ್ನ ಹೆಸರು ಮೃತ್ಯುಂಜಯ ಅಲ್ಲ ಅಂತಲೇ ಇಟ್ಕೊಳ್ಳಿ. ಮಾತು ಕೊಟ್ಟೆ, ತಪ್ಪಿದೆ. ಏನು ಮಾಡ್ಲಿ, ಗಿಡ ಕೊಳೆತು ಹೋಗ್ತವೆ. ಹೆಂಡ್ತಿ ಒಂದು ವರ್ಷ ದುಡಿದವ್ಳೆ."

ದೀಪಶ್ರೀ ಒಮ್ಮೆ ಅವನನ್ನು, ಒಮ್ಮೆ ಕತ್ತಲು ತುಂಬಿದ ತೋಟವನ್ನು ನೋಡಿದರು. ಅವರ ಮುಖದಲ್ಲಿ ಗಾಬರಿ ಮೂಡಿತು.

"ಅಲ್ಲ ಸಾರ್, ನಿಮ್ದು ಇನ್ನೂ ಮರಗಸಿ ಆಗಿಲ್ವಾ?"

ಮೃತ್ಯುಂಜಯ ಮೇಲಿನಿಂದಲೇ ತಲೆ ಅಲ್ಲಾಡಿಸಿದ.

"ನಮ್ಮದು ಯಸಳೂರು. ಅಪ್ಪ ಮೇ ಹದಿನೈದಕ್ಕೇ ಮುಗ್ಸಿದ್ರು. ನಾನು ಹೇಳಿದ್ದು ಕಾಡು ಕಡಿಯೋರಿಗೆ ಸಾರ್. ನೀವು ರೆಂಬೆ ಅಂದಾಗ ಏನೋ ಆವೇಶಕ್ಕೆ ಅಂದ್ರಿ ಅಂದ್ಕೊಂಡೆ. ಮರಗಸಿ ಮಾಡದೆ ತೋಟ ಉಳೀತದಾ? ತೋಟ ಹೋದ್ರೆ ಆಮೇಲೆ ಈ ಅತ್ತಿ, ಹಾಲುವಾಣನ ಯಾರು ಇಟ್ಕೋತಾರೆ? ಕಡಿದು ಇನ್ನೇನೋ ನೆಡ್ತಾರೆ."

"ಫೋನಲ್ಲೇ ಹೇಳ್ಬಾರ್ದಿತ್ತಾ ತಾಯಿ?"

"ನೀವು ಕೇಳಿದ್ರಾ? ಹಾಸನದಲ್ಲಿ ಮೋಡ ಐತಾ ಅಂದ್ರಿ."

ಬೆಳೆಗಾರರೆಲ್ಲ ಒಟ್ಟಿಗೆ ದೇವೇಂದ್ರರ ಕಡೆ ತಿರುಗಿದರು. ಹಾಗಾದರೆ ನಿಷೇಧ? ಯಾವ ನಿಷೇಧವೂ ಇಲ್ಲ, ಇದ್ದದ್ದೂ ಇಲ್ಲ, ಬೇಕಾದರೆ ಮೂರು ಪ್ರತಿ ಇದೆ ನೋಡಿಕೊಳ್ಳಿ ಎಂದು ಅವರು ಚೀಲ ತಟ್ಟಿದರು. ಹಗಲಿರುಳು ಜೀಪು ಓಡಿಸಿ ಮರಗಸಿ ಮುಗಿಸಿಕೊಂಡಿದ್ದ ಪ್ರತಾಪ್ ಒಂದು ಕಲ್ಲಿನ ಮೇಲೆ ಕೂತುಬಿಟ್ಟ.

ಬಸವಯ್ಯ ಮಾತ್ರ ಯಾರನ್ನೂ ನೋಡಲಿಲ್ಲ. ತಲೆಯೆತ್ತಿ ಪಡುವಣ ನೋಡಿದ, ಮೂಗರಳಿಸಿ ಗಾಳಿ ಮೂಸಿದ. ಆಮೇಲೆ ಮರದ ಮೇಲಿದ್ದವನಿಗೆ ಕೇಳುವಂತೆ ಹೇಳಿದ.

"ಭಾನ್ವಾರ ಬಾಯಿ ಬಿಟ್ಟು ಹಿಂಗಿಂಗೆ ಅಂತ ಅಂದಿದ್ರೆ ಅವತ್ತೇ ಮುಗ್ದೋಗ್ತಿತ್ತು. ಮಳೆಗೆ ಇನ್ನು ಮೂರು ಗಂಟೆ ಐತೆ. ಹುಡುಗ್ರಾ, ಹತ್ತಿ."

ಏಳು ಜನ ಏಳು ಮರ ಹತ್ತಿದರು. ಬಿದ್ದ ರೆಂಬೆಗಳನ್ನು ವಿದ್ಯಾರ್ಥಿಗಳೂ ಬೆಳೆಗಾರರೂ ಸೇರಿ ಗಿಡಗಳ ಮೇಲಿಂದ ಎಳೆದು ಹಾಕಿದರು. ಪ್ರತಾಪನೂ ಎದ್ದು ಬಂದ. ಪರಿಸರ ದಿನದ ಭಾಷಣ ಆಗಲೇಬೇಕು, ವರದಿ ಕಳಿಸಬೇಕು ಎಂದು ದೇವೇಂದ್ರ ಮರಗಳನ್ನು ಕಾಪಾಡುವ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಎರಡು ವಾಕ್ಯಕ್ಕೊಂದು ರೆಂಬೆ ಧಡ್ಡೆಂದು ಬೀಳುತ್ತಿತ್ತು, ಅವರು ನಿಲ್ಲಿಸಿ, ಪಕ್ಕಕ್ಕೆ ಸರಿದು, ಮುಂದುವರಿಸುತ್ತಿದ್ದರು.

ಮೃತ್ಯುಂಜಯನನ್ನು ಇಳಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಅವನು ಕೂತಲ್ಲಿಂದಲೇ ಕೈಗೆಟುಕಿದ್ದನ್ನು ಕಡಿಯುತ್ತಿದ್ದ. ನಸ್ರುಲ್ಲಾ ಹಗ್ಗದ ತುದಿಗೆ ಚೀಲ ಕಟ್ಟಿ, ಒಂದು ಪಫ್ ಇಟ್ಟು ಮೇಲೆ ಎಳೆದುಕೊಳ್ಳಲು ಹೇಳಿದ. ಮೃತ್ಯುಂಜಯ ಪಫ್ ಹಿಡಿದು, ಕಚ್ಚುವುದಕ್ಕೆ ಮುಂಚೆ ಕೆಳಗೆ ಬಗ್ಗಿದ.

"ಎಣ್ಣೆ ಯಾವ್ದು ನಸ್ರುಲ್ಲಾ?"

"ಬೆಣ್ಣೆ ಕಣ್ರಿ. ನಿಮಗೆ ಅಂತ ಒಂದು ಟ್ರೇ ಬೇರೆ ಮಾಡಿವ್ನಿ. ಆ ಪ್ರಾಣಿ ವಿಡಿಯೋ ನನ್ನ ಮಗಳು ತೋರ್ಸಿದ್ಲು." ಟ್ರೇ ಮುಚ್ಚುತ್ತ ಸೇರಿಸಿದ. "ತಿನ್ನಿ, ಆರಿ ಹೋಗ್ತದೆ."

ಮೃತ್ಯುಂಜಯನ ಕಣ್ಣಲ್ಲಿ ನೀರು ಬಂತು. ಹದಿನೈದು ದಿನದಲ್ಲಿ ಅವನ ಗಂಟಲಲ್ಲಿ ಸಲೀಸಾಗಿ ಇಳಿದ ಮೊದಲ ತುತ್ತು ಅದು.

ಮಳೆ ಮೂರು ಗಂಟೆ ಕಾಯಲಿಲ್ಲ, ಎರಡೂವರೆ ಗಂಟೆಯೊಳಗೇ ಬಂತು. ಒದ್ದೆ ಮರ ಹತ್ತಿಸುವುದಿಲ್ಲ ಎಂಬುದು ಬಸವಯ್ಯನ ಕಟ್ಟು. ಜೀವಕ್ಕಿಂತ ಕಾಫಿ ದೊಡ್ಡದಲ್ಲ. ಎಲ್ಲರನ್ನೂ ಇಳಿಸಿದ, ಕೊನೆಗೆ ನೆನಪಾಗಿ ಮೃತ್ಯುಂಜಯನನ್ನೂ ಇಳಿಸಿದ. ಅಷ್ಟರಲ್ಲಿ ತೋಟಕ್ಕೆ ಬೆಳಕು ಬಂದಿತ್ತು. ಹಳ್ಳದ ಕಡೆಯ ಮೂಲೆಯಲ್ಲಿ ಹನ್ನೊಂದು ಮರ ಮಾತ್ರ ಉಳಿದವು. ತಂದ ಹಲಗೆಯನ್ನು ವಾಪಸು ಕೊಂಡೊಯ್ಯುವುದು ಚೆನ್ನಾಗಿರುವುದಿಲ್ಲವೆಂದು ವಿದ್ಯಾರ್ಥಿಗಳು ಅದನ್ನು ಮಳೆಯಲ್ಲೇ ಒಯ್ದು ಆ ಮೂಲೆಯಲ್ಲಿ ನೆಟ್ಟರು. ಬರೆದ ಮಾತು ಅಲ್ಲಿಗಾದರೂ ಸುಳ್ಳಾಗಿರಲಿಲ್ಲ.

ಆಗಸ್ಟಿನಲ್ಲಿ ಆ ಹನ್ನೊಂದು ಮರದ ಕೆಳಗಿನ ಕಾಯಿಯೆಲ್ಲ ಕಪ್ಪಾಗಿ ಉದುರಿತು. ಉಳಿದ ತೋಟ ಉಳಿಯಿತು. ದಿನಾ ಕೊಡೆ ಹಿಡಿದು ಹೋಗಿ ಉದುರಿದ್ದನ್ನು ನೋಡಿ ಬರುತ್ತಿದ್ದ ವಿಶಾಲಮ್ಮ ಗಂಡನೊಂದಿಗೆ ಒಂದು ವಾರ ಮಾತಾಡಲಿಲ್ಲ. ಆ ಮೂಲೆಗೆ ಆಳುಗಳು ಪ್ರತಿಜ್ಞೆ ಬ್ಲಾಕು ಎಂದು ಹೆಸರಿಟ್ಟರು, ಅದೇ ನಿಂತಿತು. ಮಳೆ ಮುಗಿದ ಮೇಲೆ ಅಲ್ಲಿ ಒಂದು ಕೆಂಜಳಿಲು, ಬೆಕ್ಕಿನ ಗಾತ್ರದ ಕೆಂಪು ಕಾಡಳಿಲು, ಗೂಡು ಕಟ್ಟಿತು. ಸುತ್ತಲಿನ ತೋಟಗಳೆಲ್ಲ ಬೋಳಾಗಿದ್ದ ಆ ವರ್ಷ ಅದಕ್ಕೆ ಬೇರೆ ಮರ ಸಿಕ್ಕಿರಲಿಕ್ಕಿಲ್ಲ.

ಮರುವರ್ಷ ಮೇ ತಿಂಗಳ ಮೊದಲ ವಾರವೇ ಬಸವಯ್ಯ ಬಂದ. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದ. ಎರಡು ದಿನ ಕೆಲಸ ಮಾಡಿ, ಹಳ್ಳದ ಕಡೆ ಹೋಗಿ, ಹಲಗೆಯ ಪಕ್ಕ ನಿಂತು ಕೇಳಿದ.

"ಈ ಪ್ರತಿಜ್ಞೆ ಬ್ಲಾಕು ಏನು ಮಾಡ್ಲಿ?"

ಮೃತ್ಯುಂಜಯ ಹೆಂಡತಿಯ ಮುಖ ನೋಡಿದ. ಹೋದ ವರ್ಷದ ಒಂದೊಂದು ಕಾಯಿಯ ಲೆಕ್ಕ ಇದ್ದದ್ದು ಅವಳ ಹತ್ತಿರ. ವಿಶಾಲಮ್ಮ ಮೇಲೆ ನೋಡಿದಳು. ಕೆಂಜಳಿಲು ಕೊಂಬೆಯ ಮೇಲೆ ಕೂತು ಇವರನ್ನೇ ನೋಡುತ್ತಿತ್ತು.

"ಅದನ್ನ ಬುಡು ಬಸವಯ್ಯ" ಎಂದಳು. "ಊರ ಮುಂದೆ ಆಡಿದ ಮಾತು. ಅಷ್ಟಾದ್ರೂ ಇರ್ಲಿ."

ಬಸವಯ್ಯ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಮೇಲಿನ ಸಾಲಿಗೆ ಹೋದ. ವಿಶಾಲಮ್ಮ ಮುಂದೆ ನಡೆದಳು, ಮೃತ್ಯುಂಜಯ ಏಣಿ ಹೊತ್ತುಕೊಂಡು ಹಿಂದೆ ಹೋದ.